ಚಾವಡಿಗೊಂದು, ಅಡುಗೆಮನೆಗೊಂದು

ಅಭಿಪ್ರಾಯ ಹೇಳಬೇಕಾದರೆ ವಿಷಯ ಗೊತ್ತಿರಬೇಕು ಎಂದು ಯಾರಾದರೂ ಅಂದರೆ, ಅವರು ನಮ್ಮ ಕಡೆಯ ಮದುವೆ ಊಟದ ಪಂಕ್ತಿಯಲ್ಲಿ ಒಮ್ಮೆಯೂ ಕುಳಿತವರಲ್ಲ ಎಂದೇ ತಿಳಿಯಬೇಕು. ಜನ್ಮದಲ್ಲಿ ಒಲೆಯ ಮುಂದೆ ನಿಲ್ಲದವರು ಸಾರಿಗೆ ಇಂಗು ಹೆಚ್ಚಾಯಿತು, ಪಾಯಸಕ್ಕೆ ಬೆಲ್ಲ ಸಾಲದು ಎಂದು ತೀರ್ಪು ಕೊಟ್ಟು, ಕೈತೊಳೆದು, ಬೀಡಾ ಹಾಕಿಕೊಂಡು ಹೊರಡುತ್ತಾರೆ. ನಾನೂ ಅದೇ ಪಂಕ್ತಿಯವನು. ಸಂಗೀತದ ತಲೆಬುಡ ನನಗೆ ಗೊತ್ತಿಲ್ಲ. ಆದರೂ ಜಾಝ್, ರಾಕ್, ಸಿಂಫನಿ, ಜುಗಲ್‌ಬಂದಿ, ಗಜಲ್ ಎಂದು ಲೋಕವೇ ಮೆಚ್ಚಿದ ಆಲ್ಬಮ್‌ಗಳ ಬಗ್ಗೆ ನಾನು ಕೊಟ್ಟ ಅಭಿಪ್ರಾಯಗಳು ಅಲೆವೂರಿನಿಂದ ಕಾಪುವಿನವರೆಗೆ ಹರಡಿ ಹೋಗಿವೆ. ಅವುಗಳಲ್ಲಿ ಸರಿಯಾಗಿ ಅರ್ಧ ತಪ್ಪು. ಅರ್ಧ ಎಂಬುದನ್ನು ನಾನು ಅಂದಾಜಿನಲ್ಲಿ ಹೇಳುತ್ತಿಲ್ಲ.

ನಾನು ಕಾರ್ಕಳದ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಶಬ್ದ ಎಂಬ ಪಾಠವನ್ನು ಪುಸ್ತಕ ನೋಡದೆ ಹೇಳುತ್ತಿದ್ದೆ. ಆದರೆ ಶಬ್ದವನ್ನು ಕೇಳಿಸಿಕೊಂಡು ಕೂರುವುದಕ್ಕೆ ಪುರುಸೊತ್ತು ಎಲ್ಲಿತ್ತು? ಅಲೆವೂರಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ಆಯುಷ್ಯ ಮುಗಿಯಿತು. ಆ ಬಸ್ಸುಗಳಲ್ಲಿ ಯಾವ ಹಾಡು ಬೇಕು ಎಂದು ತೀರ್ಮಾನಿಸುವವರು ಡ್ರೈವರ್, ಎಷ್ಟು ಕೇಳಬೇಕು ಎಂದು ತೀರ್ಮಾನಿಸುವವರು ಕಂಡಕ್ಟರ್. ನಿವೃತ್ತನಾದ ಮೇಲೆ ಮಧ್ಯಾಹ್ನಗಳು ಇದ್ದಕ್ಕಿದ್ದ ಹಾಗೆ ಉದ್ದವಾದವು. ಪೇಪರನ್ನು ಶ್ರದ್ಧಾಂಜಲಿ ಪುಟದ ಸಮೇತ ಓದಿ ಮುಗಿಸಿದರೂ ಗಂಟೆ ಹನ್ನೊಂದೇ ಆಗಿರುತ್ತಿತ್ತು.

ಹಾಗಿರುವಾಗ ಮಣಿಪಾಲದಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಸಿಲ್ವೆಸ್ಟರ್ ಪೊರ್ಬುಗಳ ಪರಿಚಯವಾಯಿತು. ಕೊಂಕಣಿ ಮಾತನಾಡುವ ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಎಂದು ಕರೆಯುವ ರೂಢಿ. ಅವರಿಗೆ ಬಲಗೆನ್ನೆ ಊದಿತ್ತು, ನನಗೆ ಎಡಗೆನ್ನೆ. ಹಲ್ಲುನೋವಿನಲ್ಲೂ ಅವರು ಏನೋ ಗುನುಗುತ್ತಿದ್ದರು. ಅವರು ಕಾಪುವಿನವರು, ಗಲ್ಫಿನಲ್ಲಿ ದುಡಿದು ಬಂದವರು. ಬೇರೆಯವರು ಅಲ್ಲಿಂದ ಚಿನ್ನ ತಂದರೆ ಇವರು ಪೆಟ್ಟಿಗೆಗಟ್ಟಲೆ ಗ್ರಾಮಫೋನ್ ರೆಕಾರ್ಡು ತಂದಿದ್ದರು. "ಚಿನ್ನ ತಂದ್ರೆ ಲಾಕರ್ ಬೇಕು ಮಾಸ್ಟ್ರೇ. ಇದಕ್ಕೆ ಕಿವಿ ಉಂಟಲ್ಲ, ಅಷ್ಟು ಸಾಕು" ಎಂದರು. ನನಗೆ ಒಂದು ಹಳೆಯ ಸೆಟ್ಟನ್ನು ಉಡುಪಿಯಲ್ಲಿ ಹುಡುಕಿ ಕೊಡಿಸಿದವರೂ ಅವರೇ. ಒಂದು ಪ್ಲೇಯರ್, ಒಂದು ಆಂಪ್ಲಿಫಯರ್, ಎರಡು ಸ್ಪೀಕರ್.

ರೆಕಾರ್ಡು ಕೊಡುವುದರಲ್ಲಿ ಅವರದೊಂದು ಕಟ್ಟುಪಾಡು ಉಂಟು. ಒಂದು ಸಲಕ್ಕೆ ಒಂದೇ. ವಾಪಸು ತರುವಾಗ ಅಭಿಪ್ರಾಯವನ್ನೂ ತರಬೇಕು. ಅಭಿಪ್ರಾಯ ಇಲ್ಲದಿದ್ದರೆ ಮುಂದಿನ ರೆಕಾರ್ಡು ಇಲ್ಲ. ತಮ್ಮ ಮನೆಯಲ್ಲಿ ಕೂರಿಸಿ ಕೇಳಿಸುವ ಕ್ರಮ ಅವರಲ್ಲಿಲ್ಲ. "ಎದುರಿಗೆ ಕೂತವರು ನನ್ನ ಮುಖ ನೋಡಿ ತಲೆ ಅಲ್ಲಾಡಿಸ್ತಾರೆ. ನಿಮ್ಮ ಮನೆಯಲ್ಲಿ ನಿಮ್ಮಷ್ಟಕ್ಕೆ ಕೇಳಿ, ಎಂತ ಅನಿಸ್ತದೆ ಅದನ್ನು ಹೇಳಿ."

ಸೆಟ್ಟು ಮನೆಗೆ ಬಂದ ದಿನ ನನ್ನ ಹೆಂಡತಿ ವನಜ ಅದನ್ನು ಸುತ್ತು ಬಂದು ನೋಡಿದಳು. "ಎರಡು ಸ್ಪೀಕರ್ ಉಂಟಲ್ಲ. ಒಂದು ಅಡುಗೆಮನೆಗೆ ಇರಲಿ. ನೀವು ಚಾವಡಿಯಲ್ಲಿ ಕೂತು ಕೇಳುವಾಗ ನಾನು ಎಂತ ಕುಕ್ಕರ್ ವಿಶಲ್ ಕೇಳುವುದಾ?" ನ್ಯಾಯವಾದ ಮಾತು. ನಮ್ಮ ಮನೆಯಲ್ಲಿ ಯಾವುದೇ ವಸ್ತು ಎರಡು ಬಂದರೆ ಒಂದು ಹೊರಗಿನ ಚಾವಡಿಗೆ, ಇನ್ನೊಂದು ಒಳಗೆ. ಫ್ಯಾನು ಹಾಗೆ, ಗಡಿಯಾರ ಹಾಗೆ, ದೇವರ ಕ್ಯಾಲೆಂಡರ್ ಕೂಡ ಹಾಗೆ. ಒಂದೇ ಕೋಣೆಯಲ್ಲಿ ಎರಡೆರಡು ಇಟ್ಟುಕೊಳ್ಳುವುದು ದುಂದುಗಾರಿಕೆ. ನಾನೇ ಸ್ಟೂಲ್ ಹತ್ತಿ, ನಡುಮನೆಯ ಮಾಡಿನ ಅಂಚಿನಲ್ಲಿ ಉದ್ದಕ್ಕೆ ವಯರು ಎಳೆದು, ಎಡಬದಿಯ ಸ್ಪೀಕರನ್ನು ಚಾವಡಿಯಲ್ಲಿಟ್ಟು ಬಲಬದಿಯದ್ದನ್ನು ಅಡುಗೆಮನೆಯ ಉಪ್ಪಿನಕಾಯಿ ಭರಣಿಯ ಪಕ್ಕ ಸ್ಥಾಪಿಸಿದೆ. ಒಗ್ಗರಣೆ ಘಾಟು ಹೊರಗೆ ಬರಬಾರದೆಂದು ಅಡುಗೆಮನೆಯ ಬಾಗಿಲು ಸದಾ ಮುಚ್ಚಿರುತ್ತದೆ. ಹಾಗಾಗಿ ಅವಳ ಸಂಗೀತ ಅವಳಿಗೆ, ನನ್ನದು ನನಗೆ. ಪಾತ್ರೆಯ ಸದ್ದು ಮಾತ್ರ ಬಾಗಿಲು ದಾಟಿ ಬರುತ್ತಿತ್ತು. ಆಗ ನಾನು ಈಸಿಚೇರಿನಿಂದ ಕೂಗುವುದು: "ಪಾತ್ರೆ ಸದ್ದು ಸ್ವಲ್ಪ ಕಮ್ಮಿ ಮಾಡು, ಇಲ್ಲಿ ಸಂಗೀತ ಕೇಳ್ತಾ ಉಂಟು!"

ಮೊದಲು ಬಂದದ್ದು ನಾಲ್ವರು ಇಂಗ್ಲಿಷ್ ಹುಡುಗರ ರಾಕ್ ಆಲ್ಬಮ್. ಡ್ರಮ್ಮು ಉಂಟು, ಗಿಟಾರು ಉಂಟು, ಹಾಡುವವರೇ ಇಲ್ಲ. ಚೆಂಡೆ ಮದ್ದಳೆ ರಂಗಕ್ಕೆ ಬಂದು ಭಾಗವತರು ಬಸ್ಸು ತಪ್ಪಿಸಿಕೊಂಡ ಹಾಗೆ. ನಾನು ಕಾಪುವಿಗೆ ಹೋಗಿ, "ಹಾಡುಗಾರನೇ ಇಲ್ಲದೆ ಹಾಡು ಮಾಡಿದ ಧೈರ್ಯ ಮೆಚ್ಚಬೇಕು" ಎಂದೆ. ಪೊರ್ಬುಗಳು ರೆಕಾರ್ಡಿನ ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಹೌದು, ಒಂದು ರೀತಿಯಲ್ಲಿ ನೋಡಿದ್ರೆ ಹೌದು" ಎಂದು ಇನ್ನೊಂದು ರೆಕಾರ್ಡು ಕೊಟ್ಟರು. ಮನೆಯಲ್ಲಿ ವನಜ, "ಆ ಹುಡುಗ ಎಷ್ಟು ಚಂದ ಹಾಡ್ತಾನೆ! ಪಾಪ, ಹಿಂದೆ ಬಾರಿಸ್ಲಿಕ್ಕೆ ಒಬ್ಬರೂ ಇಲ್ಲ" ಎಂದಳು. ಯಾವ ಹುಡುಗ? ಅವಳು ರೇಡಿಯೋದ ಹಾಡಿನ ವಿಷಯ ಹೇಳುತ್ತಿರಬೇಕು ಎಂದುಕೊಂಡೆ.

ಆಮೇಲೆ ಜಾಝ್. ನಮಗೆ ಸ್ಯಾಕ್ಸೋಫೋನ್ ಹೊಸದಲ್ಲ, ಅದಿಲ್ಲದೆ ನಮ್ಮಲ್ಲಿ ಮದುವೆಯ ಧಾರೆಯೇ ಆಗುವುದಿಲ್ಲ. ಆದರೆ ಈ ಮನುಷ್ಯ ಸ್ವಲ್ಪ ಊದಿ ಸುಮ್ಮನಾಗುತ್ತಿದ್ದ. ಇನ್ನೇನು ರೆಕಾರ್ಡು ಮುಗಿಯಿತು ಎಂದು ನಾನು ಏಳುವಾಗ ಪುನಃ ಊದುತ್ತಿದ್ದ. ಆ ಮೌನ ನನ್ನನ್ನು ಹಿಡಿದು ಕೂರಿಸಿತು. "ಸಂಗೀತ ಇರುವುದು ಊದಿದ್ದರಲ್ಲಿ ಅಲ್ಲ, ಊದದೆ ಬಿಟ್ಟದ್ದರಲ್ಲಿ" ಎಂದು ಅಭಿಪ್ರಾಯ ಕೊಟ್ಟೆ. ಪೊರ್ಬುಗಳ ಕಣ್ಣು ಒದ್ದೆಯಾಯಿತು. ಆ ಭಾನುವಾರ ಅವರು ತಮ್ಮ ಇಗರ್ಜಿಯ ಹಾಡಿನ ತಂಡಕ್ಕೆ ಇದನ್ನೇ ಬೋಧಿಸಿ, ಎಲ್ಲರೂ ಹಾಡಿನ ನಡುವೆ ನಿಲ್ಲಿಸಿ ನಿಲ್ಲಿಸಿ ಹಾಡಿ, ಪಾದ್ರಿಗಳು ಕರೆಂಟು ಹೋಯಿತೆಂದು ಮೈಕ್ ತಟ್ಟಿ ನೋಡಿದರಂತೆ. ವನಜಳನ್ನು ಕೇಳಿದರೆ, "ಊದುವುದಾ? ಯಾರು ಊದಿದ್ದು? ಯಾರೋ ಪಿಯಾನೋ ಬಾರಿಸ್ತಾ ಮಧ್ಯೆ ಮಧ್ಯೆ ಸ್ಟೀಲ್ ತಟ್ಟೆ ಜೋಡಿಸಿಡ್ತಾರೆ" ಎಂದಳು. ನಾನು ನಕ್ಕು, ಕೋಣನ ಮುಂದೆ ಕಿನ್ನರಿ ಎಂದೆ. ಅದಕ್ಕೆ ಅವಳು ಕೊಟ್ಟ ಉತ್ತರ ತುಳುವಿನಲ್ಲಿತ್ತು. ಕನ್ನಡಕ್ಕೆ ತಂದರೆ ಅದರ ಖಾರ ಹೋಗುತ್ತದೆ, ಬಿಡಿ.

ಸಿತಾರ್ ಮತ್ತು ಸರೋದಿನ ಜುಗಲ್‌ಬಂದಿಯಲ್ಲಿ ಜಗಳ ಜೋರಾಯಿತು. ನನಗೆ ಕೇಳಿದ್ದು ಸಿತಾರ್ ಮಾತ್ರ. ಅದು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾದು, ಉತ್ತರ ಬಾರದಿದ್ದರೂ ಬೇಸರಿಸದೆ ಮತ್ತೆ ಕೇಳುತ್ತಿತ್ತು. ಮೇಷ್ಟರಾಗಿದ್ದವನಿಗೆ ಇದು ಎಷ್ಟು ಅರ್ಥವಾಗುತ್ತದೆ ಎಂದು ಬೇರೆ ಹೇಳಬೇಕೆ? ವನಜ ಕೇಳಿದ್ದು ಯಾರೂ ಏನೂ ಕೇಳದಿದ್ದರೂ ಉತ್ತರ ಕೊಡುತ್ತಲೇ ಇದ್ದ ಒಂದು ವಾದ್ಯ. "ನಿಮ್ಮ ಅಂಬಲಪಾಡಿ ಅಕ್ಕನ ಹಾಗೆ" ಎಂದಳು. ಸಿಂಫನಿ ಬಂದಾಗ ನನಗೆ ವಯೋಲಿನ್‌ಗಳು ಕೇಳಿದವು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಅತ್ತೆ. ಯಾರಿಗೂ ಬೇಡದವನಾದೆ ಎಂದು ಪೇಪರ್ ಮಡಚಿಡುತ್ತಿದ್ದ ಮಧ್ಯಾಹ್ನಗಳಿಗೆ ಯಾರೋ ಬಂದು ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ವನಜ ಮಾತ್ರ ಬಾಗಿಲು ತೆರೆದು, "ಎಂತ ಇದು, ಎಲ್ಲ ದಪ್ಪ ಸ್ವರ? ದನದ ಕೊಟ್ಟಿಗೆಯಲ್ಲಿ ನಿಂತ ಹಾಗೆ ಆಗ್ತದೆ" ಎಂದಳು. ಒಂದು ಹಳೆಯ ಹಿಂದೂಸ್ತಾನಿ ಗಾಯನದ ರೆಕಾರ್ಡು ಮತ್ತು ನಮ್ಮದೇ ತಾಳಮದ್ದಳೆಯದ್ದು, ಇವೆರಡರಲ್ಲಿ ಮಾತ್ರ ನಮಗೆ ಒಂದೇ ಅಭಿಪ್ರಾಯ ಬಂತು. ಸ್ಟೀರಿಯೋ ಬರುವುದಕ್ಕೆ ಮುಂಚಿನವು ಅವು. ಶಬ್ದದ ಪಾಠ ಮಾಡಿದವನಿಗೆ ಅಷ್ಟು ಸಾಕಾಗಬೇಕಿತ್ತು, ಆದರೆ ಸಾಕಾಗಲಿಲ್ಲ.

ಬದಲಿಗೆ ನನಗೆ ಹೆದರಿಕೆ ಹತ್ತಿತು. ನನ್ನ ಅಪ್ಪನಿಗೆ ಈ ಪ್ರಾಯದಲ್ಲೇ ಕಿವಿ ಹೋದದ್ದು. ಮೊದಮೊದಲು ಎಲ್ಲರೂ ಗಟ್ಟಿಯಾಗಿ ಮಾತನಾಡಿದರು, ಆಮೇಲೆ ಮಾತನಾಡುವುದನ್ನೇ ಬಿಟ್ಟರು. ಅವರು ಜಗಲಿಯಲ್ಲಿ ಕುಳಿತು, ಯಾರಾದರೂ ನಕ್ಕರೆ ಸ್ವಲ್ಪ ತಡವಾಗಿ ತಾನೂ ನಗುತ್ತಿದ್ದರು. ನನಗೆ ಸಂಗೀತ ಸಿಕ್ಕಿದ್ದೇ ತಲೆ ಬೆಳ್ಳಗಾದ ಮೇಲೆ. ಸಿಕ್ಕಿದ ಕೂಡಲೇ ಹೋಗುವುದಾದರೆ ಯಾಕೆ ಕೊಡಬೇಕಿತ್ತು ದೇವರು? ಹಾಡುಗಾರನಿಲ್ಲದ ಹಾಡು, ಊದದ ಸ್ಯಾಕ್ಸೋಫೋನ್, ಎಲ್ಲ ನನ್ನ ಕಿವಿಯ ದೋಷವೇ ಇರಬಹುದು ಎಂದು ಅನ್ನ ಸೇರದೆ ಹೋಯಿತು. ವನಜ ಇದನ್ನು ಗಮನಿಸಿದವಳು ಬೈಯಲಿಲ್ಲ. "ನಡೀರಿ, ಮಣಿಪಾಲಕ್ಕೆ ಹೋಗುವ. ನಿಮ್ಮದೂ ನೋಡಲಿ, ನನ್ನದೂ ನೋಡಲಿ" ಎಂದಳು.

ಸದ್ದೇ ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪೀಂ ಎಂದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದರು. ಪರೀಕ್ಷೆ ನಡೆಸುವವನಾಗಿ ಬಾಳಿದವನು ಪರೀಕ್ಷೆಗೆ ಕುಳಿತಾಗ ಎದೆ ಎಷ್ಟು ಹೊಡೆದುಕೊಂಡಿತೆಂದರೆ, ಅದರ ಸದ್ದಿಗೂ ಎರಡು ಸಲ ಬಟನ್ ಒತ್ತಿದೆ. ಕೊನೆಗೆ ಪರೀಕ್ಷೆ ಮಾಡಿದ ಹುಡುಗಿ, "ಸರ್, ನಿಮ್ಮ ಪ್ರಾಯಕ್ಕೆ ಕಿವಿ ಚೆನ್ನಾಗಿಯೇ ಉಂಟು. ಅಮ್ಮನದ್ದು ಇನ್ನೂ ಚೆನ್ನಾಗಿ ಉಂಟು" ಎಂದಳು. ವನಜ ಅಲೆವೂರು ಮುಟ್ಟುವವರೆಗೆ ರಿಪೋರ್ಟನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕಿವಿ ಸರಿಯಿದ್ದರೆ ಕೆಟ್ಟದ್ದು ಅದರ ಹಿಂದಿನ ಮಂಡೆಯೇ ಇರಬೇಕಲ್ಲ!

ಈ ಸಂಕಟವನ್ನು ಪೊರ್ಬುಗಳಿಗೆ ಫೋನಿನಲ್ಲಿ ಹೇಳಿಕೊಂಡೆ. ಅವರು ಕಟ್ಟುಪಾಡು ಮುರಿದು, ಅದೇ ಜಾಝ್ ರೆಕಾರ್ಡನ್ನೂ ಜುಗಲ್‌ಬಂದಿಯನ್ನೂ ಹಿಡಿದುಕೊಂಡು ಊಟಕ್ಕೆ ನಮ್ಮಲ್ಲಿಗೇ ಬಂದರು. ಚಾವಡಿಯಲ್ಲಿ ಕುಳಿತು ಜಾಝ್ ಹಾಕಿಸಿ, "ಈಗ ನೋಡಿ, ಪಿಯಾನೋ ಬರ್ತದೆ" ಎಂದು ಬೆರಳೆತ್ತಿದರು. ಬರಲಿಲ್ಲ. ಎಡಗಿವಿ ಮುಚ್ಚಿ ನೋಡಿದರು. ಬಲಗಿವಿಯನ್ನು ಕಿರುಬೆರಳಿನಲ್ಲಿ ಅಲ್ಲಾಡಿಸಿದರು. ಮುಖ ಬಿಳುಚಿತು. "ಮಾಸ್ಟ್ರೇ, ನನ್ನ ಬಲಗಿವಿ ಹೋಯ್ತು ಮಾರಾಯ್ರೇ! ಪಿಯಾನೋ ಬಲಬದಿಯಲ್ಲಿ ಬರ್ಬೇಕು, ಇಲ್ಲವೇ ಇಲ್ಲ!" ನನಗೆ ಒಳಗೊಳಗೇ ಜೊತೆಗಾರ ಸಿಕ್ಕಿದ ಸಮಾಧಾನ. ಅವರು ಮುಖಕ್ಕೆ ನೀರು ಹಾಕಿಕೊಳ್ಳಲೆಂದು ಒಳಗೆ ಹೋಗಿ ಅಡುಗೆಮನೆಯ ಬಾಗಿಲು ತಳ್ಳಿದರು. ಆಮೇಲೆ ಒಂದು ಬೊಬ್ಬೆ ಕೇಳಿತು: "ಜೆಜು! ಪಿಯಾನೋ ಇಲ್ಲಿ ಉಂಟು!"

ನಾನು ಓಡಿಹೋಗಿ ನೋಡುವಾಗ ಪೊರ್ಬುಗಳು ಉಪ್ಪಿನಕಾಯಿ ಭರಣಿಯನ್ನು ಅಪ್ಪಿ ಹಿಡಿದು ನಗುತ್ತಿದ್ದರು. ನಕ್ಕು ನಕ್ಕು ಹೊಸ್ತಿಲಲ್ಲೇ ಕುಳಿತರು. "ಎರಡೂ ಸ್ಪೀಕರ್ ಒಂದೇ ಕೋಣೆಯಲ್ಲಿ ಇಡುವುದು ಮಾರಾಯ್ರೇ. ಸ್ಟೀರಿಯೋ ಅಂದ್ರೆ ಎಡದ್ದು ಬೇರೆ, ಬಲದ್ದು ಬೇರೆ. ನೀವು ಅರ್ಧ ಕೇಳಿದ್ದೀರಿ, ಬಾಯಿ ಅರ್ಧ ಕೇಳಿದ್ದಾರೆ!" ಬಾಯಿ ಎಂದರೆ ವನಜ. ಅವಳು ಸೌಟು ಹಿಡಿದುಕೊಂಡು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಫಿಸಿಕ್ಸ್ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಅವಮಾನವಾಗಬೇಕಿತ್ತು. ಆದದ್ದು ಮಾತ್ರ ಸಂತೋಷ. ಕಿವಿ ಉಂಟು, ಮಂಡೆಯೂ ಉಂಟು. ಕೇಳಿದ ಪ್ರತಿಯೊಂದು ರೆಕಾರ್ಡಿನಲ್ಲೂ ನಾನು ಕೇಳದ ಇನ್ನರ್ಧ ಬಾಕಿ ಉಂಟು! ಇಷ್ಟು ದೊಡ್ಡ ಕೊಡುಗೆ ನನಗೆ ಯಾವ ಸನ್ಮಾನ ಸಮಾರಂಭದಲ್ಲೂ ಸಿಕ್ಕಿರಲಿಲ್ಲ.

ಆ ಸಂಜೆಯೇ ಎರಡೂ ಸ್ಪೀಕರ್ ಚಾವಡಿಗೆ ಬಂದವು. ವನಜಳೂ ನಾನೂ ಅಕ್ಕಪಕ್ಕ ಕುಳಿತು ಜುಗಲ್‌ಬಂದಿ ಕೇಳಿದೆವು. ಸಿತಾರ್ ಕೇಳಿತು, ಸರೋದ್ ಉತ್ತರ ಕೊಟ್ಟಿತು. ಏನು ಚಂದ ಎನ್ನುತ್ತೀರಿ! ರೆಕಾರ್ಡು ಮುಗಿಯಿತು. ಇಬ್ಬರಿಗೂ ಕೇಳಿದ್ದು ಒಂದೇ. ವನಜ ಸೆಟ್ಟಿನ ಸ್ವಿಚ್ಚು ಆರಿಸಿ, "ಈಗ ಮಾತಾಡ್ಲಿಕ್ಕೆ ಎಂತದೂ ಇಲ್ಲ ಅಲ್ವಾ?" ಎಂದಳು. ನನಗೂ ಹಾಗೇ ಅನಿಸಿತ್ತು. ಮೂವತ್ತು ವರ್ಷ ಉಪ್ಪು, ಖಾರ, ಕರೆಂಟು ಬಿಲ್ಲು ಬಿಟ್ಟು ಬೇರೆ ವಿಷಯಕ್ಕೆ ನಾವು ಜಗಳವಾಡಿದ್ದು ಈ ರೆಕಾರ್ಡುಗಳಿಗಾಗಿ ಮಾತ್ರ. ಸಿತಾರ್ ಹೆಚ್ಚೋ ಸರೋದ್ ಹೆಚ್ಚೋ ಎಂದು ಗಂಡ ಹೆಂಡತಿ ಕಚ್ಚಾಡುವ ಮನೆ ಅಲೆವೂರಿನಲ್ಲಿ ಇನ್ನೊಂದಿತ್ತೇ?

ಮರುದಿನ ಬಲಬದಿಯ ಸ್ಪೀಕರ್ ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ವಾಪಸು ಹೋಯಿತು. ಪೊರ್ಬುಗಳಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ. ಆದರೆ ವನಜ ಒಂದು ಷರತ್ತು ಹಾಕಿದಳು. ಇಷ್ಟು ದಿನ ನನಗೆ ಎಡದ್ದು, ಅವಳಿಗೆ ಬಲದ್ದು. ಇನ್ನು ಮೇಲೆ ಅದಲು ಬದಲು. ಬಾಕಿ ಉಳಿದ ಅರ್ಧ ನನಗೆ ಬೇಕಿದ್ದರೆ ಅದು ಇರುವುದು ಅಡುಗೆಮನೆಯಲ್ಲಿ, ಮತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲುವ ಕ್ರಮ ಇಲ್ಲ. ಹಾಗಾಗಿ ಈಗ ಭಾನುವಾರಗಳಲ್ಲಿ ಅವಳು ಈಸಿಚೇರಿನಲ್ಲಿ, ನಾನು ಒಲೆಯ ಮುಂದೆ. ಹಳೆಯ ರೆಕಾರ್ಡುಗಳನ್ನೇ ಒಂದೊಂದಾಗಿ ಪುನಃ ತರುತ್ತಿದ್ದೇನೆ. ಹಾಡುಗಾರನಿಲ್ಲ ಎಂದು ನಾನು ಹೊಗಳಿದ ಆ ರಾಕ್ ತಂಡದ ಹುಡುಗ ಕೊನೆಗೂ ನನಗೆ ಕೇಳಸಿಕ್ಕಿದ. ವನಜ ಹೇಳಿದ್ದು ಸುಳ್ಳಲ್ಲ, ಎಷ್ಟು ಚಂದ ಹಾಡುತ್ತಾನೆ! ಖುಷಿ ತಡೆಯಲಾರದೆ ಬಾಣಲೆಯ ಅಂಚಿಗೆ ಸೌಟಿನಿಂದ ತಾಳ ಹಾಕಿದೆ. ಕೂಡಲೇ ಚಾವಡಿಯಿಂದ ಕೂಗು ಬಂತು.

"ಪಾತ್ರೆ ಸದ್ದು ಸ್ವಲ್ಪ ಕಮ್ಮಿ ಮಾಡಿ, ಇಲ್ಲಿ ಸಂಗೀತ ಕೇಳ್ತಾ ಉಂಟು!"

ನಾನು ಸೌಟನ್ನು ಮೆಲ್ಲಗೆ ಕೆಳಗಿಟ್ಟೆ.