ಕರೋಲ್ ಬಾಗಿನಿಂದ ಸಮುದ್ರತಳಕ್ಕೆ

ದೆಹಲಿಯಲ್ಲಿ ಕುಳಿತು ಸಮುದ್ರದ ಮೇಲೆ ಪಿಎಚ್.ಡಿ. ಮಾಡುವವಳು ನಗೆಪಾಟಲಾಗಲು ಬೇರೆ ಪ್ರಯತ್ನವೇ ಬೇಡ. ಹಡಗಿನವರು ನೀರಿನೊಳಗೆ ವಿದ್ಯುತ್ ಸಂಕೇತ ಬಿಟ್ಟು ಅಳತೆ ತಂದುಕೊಡುತ್ತಾರೆ. ತಳದ ಕೆಳಗಿನ ಯಾವ ಪದರ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ತೆಗೆಯುವುದು ನನ್ನ ಕೆಲಸ. ನಾನು ಹಡಗು ಹತ್ತಿದವಳಲ್ಲ, ಈಜೂ ಬರುವುದಿಲ್ಲ.

೧. ಆಂಟಿಯ ಬೋರ್‌ವೆಲ್

ಕರೋಲ್ ಬಾಗಿನ ನಮ್ಮ ಮನೆ ಮಾಲೀಕರಾದ ಆಂಟಿ ಇದನ್ನೆಲ್ಲ ಕೇಳಿ, "ಅಚ್ಛಾ! ಹಾಗಾದ್ರೆ ಫರೀದಾಬಾದಿನ ನಮ್ಮ ಸೈಟಿಗೆ ಬಾ ಬೇಟಿ. ಬೋರ್‌ವೆಲ್ ಎಲ್ಲಿ ಕೊರೆಸಬೇಕು ಹೇಳು" ಎಂದರು.

"ಆಂಟಿ, ನನ್ನ ವಿಧಾನಕ್ಕೆ ಮೊದಲು ನೆಲದ ಮೇಲೆ ಸಾವಿರ ಮೀಟರ್ ನೀರು ನಿಂತಿರಬೇಕು."

"ಅಷ್ಟು ನೀರಿದ್ರೆ ನಿನ್ನನ್ನು ಯಾಕೆ ಕರೀತಿದ್ದೆ?"

೨. ಒಂಬತ್ತು ದಿನ

ಹಳೆಯ ವಿಧಾನದಲ್ಲಿ ಒಂದು ಚಿತ್ರಕ್ಕೆ ಒಂಬತ್ತು ದಿನ ಬೇಕಿತ್ತು. ಒಮ್ಮೆ ಸಮುದ್ರತಳದ ಆಳದ ಅಂಕಿಗಳಿಗೆ ಮೈನಸ್ ಚಿಹ್ನೆ ಹಾಕಲು ಮರೆತೆ. ಒಂಬತ್ತನೇ ದಿನ, ಮೈಸೂರಿನವರಾದ ನಮ್ಮ ಗೈಡ್ ಕನ್ನಡಕ ಏರಿಸಿ ಚಿತ್ರ ನೋಡಿದರು.

"ಚೆನ್ನಾಗಿದೆ ಕಣಮ್ಮ. ಆದ್ರೆ ನಿನ್ನ ಹಡಗು ನೆಲದ ಕೆಳಗೆ ಓಡ್ತಾ ಇದೆಯಲ್ಲ, ಮೆಟ್ರೊ ಅಂದ್ಕೊಂಡ್ಯಾ?"

ಅವತ್ತು ಅತ್ತುಬಿಟ್ಟೆ. ಮರುದಿನ ಹಟ ಹಿಡಿದು ಹೊಸ ವಿಧಾನಕ್ಕೆ ಕುಳಿತೆ. ಇಡೀ ಸಮುದ್ರವನ್ನು ಒಂದೇ ಅಳತೆಯ ಸಣ್ಣ ಚೌಕಗಳಾಗಿ ಕತ್ತರಿಸುವ ಬದಲು, ದೂರದಲ್ಲಿ ದೊಡ್ಡ ಚೌಕ, ಬೇಕಾದಲ್ಲಿ ಮಾತ್ರ ಸಣ್ಣ ಚೌಕ. ಒಂಬತ್ತು ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು.

೩. ಎಂಟರ್ ಒತ್ತಿದರೆ ಚಹಾ

ಇದನ್ನು ಮೂವರು ಹಿರಿಯರ ಸಮಿತಿಗೆ ಕಣ್ಣೆದುರೇ ಮಾಡಿ ತೋರಿಸಬೇಕಿತ್ತು. ಒಪ್ಪಿದರೆ ಫೆಲೋಶಿಪ್ ಮುಂದುವರಿಯುತ್ತದೆ, ಇಲ್ಲದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು. ಆದರೆ ಲೆಕ್ಕಗಳು ದಿನಗಟ್ಟಲೆ ಓಡುವ ನಮ್ಮ ವಿಭಾಗದಲ್ಲಿ ಎಂಟರ್ ಒತ್ತಿದ ಕೂಡಲೇ ಎಲ್ಲರೂ ಚಹಾಕ್ಕೆ ಏಳುವುದು ರೂಢಿ. ನಾನು ಒತ್ತಿದೆ, ಮೂವರೂ ಎದ್ದು ಕ್ಯಾಂಟೀನಿಗೆ ಹೋದರು. ಸಮೋಸಾ ಮುಗಿಸಿ ಬಂದಾಗ ಚಿತ್ರ ಸಿದ್ಧವಾಗಿತ್ತು.

"ಇದು ಮೊದಲೇ ಮಾಡಿಟ್ಟಿದ್ದು" ಎಂದರು ಒಬ್ಬರು.

ಮತ್ತೆ ಒತ್ತಿದೆ. ಮತ್ತೆ ಎದ್ದರು! ಈ ಸಲ ಗೈಡ್ ಬಾಗಿಲಿಗೆ ಅಡ್ಡ ನಿಂತು, ಕ್ಯಾಂಟೀನ್ ಭಯ್ಯಾನನ್ನೇ ಚಹಾ ಸಮೇತ ಒಳಗೆ ಕರೆಸಿದರು. ಎರಡನೇ ಸುತ್ತಿನ ಚಹಾ ಮುಗಿಯುವಷ್ಟರಲ್ಲಿ, ಅವರ ಕಣ್ಣೆದುರಿಗೇ ಸಮುದ್ರತಳ ಮೂಡಿತು. ಸಮಿತಿ ಅಲ್ಲೇ ಸಹಿ ಹಾಕಿತು. ನನಗೆ ಕುಣಿಯುವಷ್ಟು ಸಂತೋಷ.

ಗೈಡ್ ಮಾತ್ರ ಮಂಕಾಗಿ ಕೂತಿದ್ದರು. "ಏನಾಯ್ತು ಸರ್?" ಎಂದೆ.

"ಇಷ್ಟು ವರ್ಷ ನಾದಿನಿ ಮನೆ ಫಂಕ್ಷನ್ ಅಂದ್ರೆ 'ಲೆಕ್ಕ ಓಡ್ತಿದೆ, ಒಂಬತ್ತು ದಿನ ಬಿಟ್ಟು ಬರೋಕಾಗಲ್ಲ' ಅಂತ ತಪ್ಪಿಸಿಕೊಳ್ತಿದ್ದೆ. ನೀನು ಜಗತ್ತಿಗೆಲ್ಲ ಹೇಳಮ್ಮ, ನಮ್ಮನೆಯವಳಿಗೆ ಮಾತ್ರ ಹೇಳಬೇಡ."