ಫೆಬ್ರವರಿ ಮೂವತ್ತರ ನಾಗಯ್ಯ

ನಾಗಯ್ಯ ಹುಟ್ಟಿದ್ದು ಫೆಬ್ರವರಿ ಮೂವತ್ತನೇ ತಾರೀಖು. ಹಾಗಂತ ಶಾಲೆಯ ಮೇಷ್ಟ್ರು ಬರೆದಿದ್ದರು, ಅದನ್ನು ನೋಡಿ ಮಾಚೇನಹಳ್ಳಿಯ ಕಬ್ಬಿಣ ಎರಕದ ಫೌಂಡ್ರಿಯವರು ಬರೆದುಕೊಂಡಿದ್ದರು. ಕಾಗದಕ್ಕೆ ಬಾಯಿಲ್ಲ, ಏನು ಬರೆದರೂ ಸಹಿಸಿಕೊಳ್ಳುತ್ತದೆ. ಇಷ್ಟು ವರ್ಷ ಯಾರೂ ತಕರಾರು ಮಾಡಿರಲಿಲ್ಲ. ಆದರೆ ಎರಡು ಸಾವಿರನೇ ಇಸವಿಗೆ ಇನ್ನೊಂದು ವರ್ಷವಿದೆ ಎನ್ನುವಾಗ ಫೌಂಡ್ರಿಯ ಆಫೀಸಿಗೆ ಕಂಪ್ಯೂಟರ್ ಬಂತು. ಕೊಟ್ಟ ತಾರೀಖುಗಳನ್ನೆಲ್ಲ ನುಂಗಿಕೊಂಡ ಅದು ನಾಗಯ್ಯನ ತಾರೀಖನ್ನು ಮಾತ್ರ ಉಗುಳಿಬಿಟ್ಟಿತು.

"ನಾಗಯ್ಯಣ್ಣ, ನೀವು ಹುಟ್ಟೇ ಇಲ್ಲ ಅಂತಿದೆ ಇದು," ಅಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಲ್ಲೇಶ್.

ಪಕ್ಕದ ಮೇಜಿನಿಂದ ಹೆಡ್ ಕ್ಲಾರ್ಕ್ ಶಿವಯೋಗಪ್ಪ ಕನ್ನಡಕ ಏರಿಸಿದರು. ಇವರೂ ನಾಗಯ್ಯನೂ ಶಿವಮೊಗ್ಗದ ದುರ್ಗಿಗುಡಿಯ ಒಂದೇ ಶಾಲೆಯಲ್ಲಿ ಓದಿದವರು. ಆಗ ಹಿಂದೆ ನಿಂತು ನಾಗಯ್ಯನ ಜುಟ್ಟು ಎಳೆಯುತ್ತಿದ್ದರು, ಈಗ ಮುಂದೆ ಕೂತು ಕಾಲು ಎಳೆಯುತ್ತಾರೆ.

"ಇಲ್ಲದ ತಾರೀಖಲ್ಲಿ ಹುಟ್ಟೋಕೆ ನೀನೇ ಆಗ್ಬೇಕು ಮಾರಾಯ," ಅಂದರು ಶಿವಯೋಗಪ್ಪ. "ಮಲ್ಲೇಶಿ, ಇವನಿಗೆ ಫೆಬ್ರವರಿ ಕೊನೇ ದಿನ ಹಾಕು. ಈ ತಿಂಗಳಿಗೇ ಐವತ್ತೆಂಟು ತುಂಬ್ತು. ತಿಂಗಳ ಕೊನೇಗೆ ಹಾರ, ಶಾಲು, ಮನೆ."

ಮನೆಗೆ ಹೋಗುವುದಕ್ಕೆ ನಾಗಯ್ಯನಿಗೆ ಬೇಸರವೇನಿರಲಿಲ್ಲ. ಆದರೆ ಮಾರ್ಚಿ ನಡುವಿಗೆ ಹೊಸ ಕ್ರೇನು ಬರುವುದಿತ್ತು. ಫೌಂಡ್ರಿ ಶುರುವಾದಾಗಿನಿಂದ ಅವನು ಓಡಿಸಿದ್ದು ಒಂದೇ ಹಳೇ ಕ್ರೇನು. ಅದು ಕಬ್ಬಿಣ ಎತ್ತುವಾಗ ಹೆರಿಗೆ ಬೇನೆ ಬಂದವಳ ಹಾಗೆ ನರಳುತ್ತಿತ್ತು, ಕ್ಯಾಬಿನ್ನಿನಲ್ಲಿ ಕೂತರೆ ಬೆವರಿನಲ್ಲೇ ಸ್ನಾನ. ಹೊಸದರಲ್ಲಿ ಫ್ಯಾನು ಉಂಟಂತೆ, ಬೆರಳು ತಾಗಿಸಿದರೆ ಸಾಕಂತೆ. ಅದರಲ್ಲಿ ಒಂದು ದಿನವಾದರೂ ಕೂರಬೇಕು ಅನ್ನುವುದು ಅವನ ಒಂದೇ ಆಸೆ. ಹಳೇ ಕ್ರೇನನ್ನೂ ಬೇರೆಯವರ ಕೈಗೆ ಕೊಡಲಾರದೆ ಅವನು ಈವರೆಗೆ ಒಂದು ದಿನ ರಜೆ ಹಾಕಿದವನಲ್ಲ. "ಅಟ್ಟದ ಮೇಲಿರೋ ತಾಮ್ರದ ಹಂಡೆ ಇಳಿಸಿಕೊಡಿ" ಅಂತ ಹೆಂಡತಿ ಹೂವಮ್ಮ ವರ್ಷಗಟ್ಟಲೆ ಗೋಗರೆದರೂ, "ನನ್ನ ಕೈ ಇರೋದು ಟನ್ನುಗಟ್ಟಲೆ ಎತ್ತೋಕೆ, ಹಂಡೆಗಲ್ಲ" ಅಂದುಬಿಡುತ್ತಿದ್ದ.

"ಮೂವತ್ತು ಅಂದ್ರೆ ಫೆಬ್ರವರಿ ದಾಟಿ ಮಾರ್ಚಿಗೆ ಬರಲ್ವಾ?" ಅಂತ ಕೇಳಿದ ನಾಗಯ್ಯ.

"ಬರಬಹುದು. ಆದ್ರೆ ಬರೆದ ಮೇಷ್ಟ್ರು ಬಂದು ಹೇಳ್ಬೇಕು. ಇದ್ದಾರಾ, ಹೋದ್ರಾ?" ಅಂದರು ಶಿವಯೋಗಪ್ಪ.

ಮೇಷ್ಟ್ರು ರಾಮಚಂದ್ರಪ್ಪನವರು ದುರ್ಗಿಗುಡಿಯಲ್ಲೇ ಗಟ್ಟಿಮುಟ್ಟಾಗಿದ್ದರು. ನಾಗಯ್ಯ ಜನ್ಮದಲ್ಲಿ ಮೊದಲ ಸಲ ಅರ್ಧ ದಿನದ ರಜೆ ಬರೆದುಕೊಟ್ಟ. ಶಿವಯೋಗಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀನೂ ರಜೆ ಹಾಕ್ತೀಯಾ?" ಅಂತ ನಕ್ಕರು.

ಗೇಟಿನ ಹತ್ತಿರ ಸ್ಟೋರ್ ಕೀಪರ್ ಕಾಂತರಾಜ್ ಗಂಟುಬಿದ್ದ. ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಅರೆದು ಕುಡಿದ ಮನುಷ್ಯ. ಯಾರಿಗೆ ಕಷ್ಟ ಬಂದರೂ ಬಿಟ್ಟಿಯಾಗಿ ಜೊತೆಗೆ ಹೋಗಿ ಅದನ್ನು ದೊಡ್ಡದು ಮಾಡಿ ಬರುವುದು ಅವನ ಸ್ವಭಾವ.

"ಇದು ಮೇಷ್ಟ್ರ ತಪ್ಪಲ್ಲ ನಾಗಯ್ಯ, ರೋಮಿನವರ ತಪ್ಪು," ಅಂತ ಬಸ್ಸಿನಲ್ಲಿ ಶುರುಮಾಡಿದ. "ಈ ಕ್ಯಾಲೆಂಡರ್ ಮಾಡಿದ್ದೇ ಅವರು. ಜೂಲಿಯಸ್ ಸೀಸರ್ ಅಂತ ಒಬ್ಬ, ಅವನ ಹೆಸರಲ್ಲಿ ಜುಲೈ, ಮೂವತ್ತೊಂದು ದಿನ. ಆಮೇಲೆ ಬಂದೋನು ಆಗಸ್ಟಸ್. ತನ್ನ ತಿಂಗಳಿಗೆ ಒಂದು ದಿನ ಕಮ್ಮಿ ಆಯ್ತಲ್ಲ ಅಂತ ಹೊಟ್ಟೆಕಿಚ್ಚು. ಪಾಪದ ಫೆಬ್ರವರಿಯಿಂದ ಒಂದು ದಿನ ಕಿತ್ಕೊಂಡ."

ತಿಳಿದವರು ಇದನ್ನು ಕಟ್ಟುಕತೆ ಅನ್ನುತ್ತಾರೆ. ಆದರೆ ಹೊಟ್ಟೆಕಿಚ್ಚಿನ ಕತೆ ಎಂದರೆ ನಮ್ಮಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ನಾಗಯ್ಯನಿಗೂ ಅದು ನಿಜವೇ ಅನ್ನಿಸಿ ಮೈ ಉರಿಯಿತು.

"ಅಲ್ಲ ಮಾರಾಯ, ಎರಡು ಸಾವಿರ ವರ್ಷದ ಹಿಂದೆ ಅವನಿಗೆ ಹೊಟ್ಟೆಕಿಚ್ಚು ಬಂದ್ರೆ ಈಗ ನನ್ನ ಕ್ರೇನು ಯಾಕೆ ಹೋಗ್ಬೇಕು?"

"ಅದನ್ನೇ ಪ್ರಭಾವ ಅನ್ನೋದು," ಅಂದ ಕಾಂತರಾಜ್. ಅಷ್ಟಕ್ಕೇ ಬಿಡದೆ, "ಇವರು ಫೆಬ್ರವರಿ ಮೂವತ್ತಕ್ಕೆ ಹುಟ್ಟಿದೋರು" ಅಂತ ಇಡೀ ಬಸ್ಸಿಗೆ ಪರಿಚಯ ಮಾಡಿಸಿದ. ಕಂಡಕ್ಟರ್ ಟಿಕೆಟ್ ಹರಿಯುತ್ತಾ, "ಹುಟ್ಟಿಲ್ಲ ಅಂತ ಬಿಟ್ಟಿ ಕರ್ಕೊಂಡು ಹೋಗಕ್ಕಾಗಲ್ಲ ಸ್ವಾಮಿ, ಸೀಟು ಹಿಡಿದಿದ್ದೀರಲ್ಲ" ಅಂದ. ಶಿವಮೊಗ್ಗ ಬರುವವರೆಗೂ ಬಸ್ಸು ನಗುತ್ತಲೇ ಇತ್ತು. ನಾಗಯ್ಯ ತಲೆತಗ್ಗಿಸಿ ಕೂತಿದ್ದ.

ಮೇಷ್ಟ್ರು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಕಾಂತರಾಜ್ ನಮಸ್ಕಾರ ಕೂಡ ಹೇಳದೆ ರೋಮಿನಿಂದ ಶುರುಮಾಡಿದ್ದರಿಂದ ಅವರಿಗೆ ಸಿಟ್ಟು ಬಂತು.

"ನಾನು ಬರೆದದ್ದು ತಪ್ಪು ಅಂತೀಯೇನೋ? ನಾಗಾ, ನಿಂತ್ಕೋ. ಬೆರಳ ಗಂಟು ಹಿಡಿದು ತಿಂಗಳು ಹೇಳು."

ಐವತ್ತೆಂಟರ ನಾಗಯ್ಯ ಕೈಕಟ್ಟಿ ನಿಂತ. ಆಮೇಲೆ ಮುಷ್ಟಿ ಮಾಡಿ ಗಂಟಿನ ಮೇಲೆ ಜನವರಿ, ಸಂದಿಯಲ್ಲಿ ಫೆಬ್ರವರಿ ಅಂತ ಎಣಿಸಿದ. ಎಣಿಸುತ್ತಲೇ, "ಮೇಷ್ಟ್ರೇ, ಈ ಸಂದಿಗೆ ನೀವು ಮೂವತ್ತು ದಿನ ತುರುಕಿದ್ದೀರಿ" ಅಂದ.

ಮೇಷ್ಟ್ರ ಸಿಟ್ಟು ಇಳಿದು ನಗು ಬಂತು. "ಅವತ್ತು ಒಂದೇ ದಿನ ಸಾಲುಗಟ್ಟಿ ಬಂದ್ರಿ. ಯಾರಿಗೂ ಹುಟ್ಟಿದ ದಿನ ಗೊತ್ತಿಲ್ಲ. ನಿಮ್ಮಮ್ಮನ್ನ ಕೇಳಿದ್ರೆ 'ಕರಿ ಎಮ್ಮೆ ಕಟ್ಟಿದ ವರ್ಷ' ಅಂದ್ಲು. ನಾನು ಏನು ಮಾಡ್ಲಿ? ಎಲ್ರಿಗೂ ಫೆಬ್ರವರಿ ಅಂತ ಇಟ್ಟೆ. ಮೊದಲು ನಿಂತೋನಿಗೆ ಒಂದು, ಅವನ ಹಿಂದೆ ಇದ್ದೋನಿಗೆ ಎರಡು. ಹಂಗೇ ಬಂದು ನಿನಗೆ ಮೂವತ್ತು ಸಿಕ್ತು."

"ತಿಂಗಳು ಮುಗಿದಿದ್ದು ಗೊತ್ತಾಗ್ಲಿಲ್ವಾ?"

"ಹುಡುಗ್ರು ಮುಗಿದಿರ್ಲಿಲ್ವಲ್ಲೋ. ನಿನ್ನ ಹಿಂದೆ ಇನ್ನೊಬ್ಬ ಇದ್ದ. ನಿನ್ನ ಜುಟ್ಟು ಎಳೀತಿದ್ದೋನು. ಅವನಿಗೆ ಮೂವತ್ತೊಂದು ಬರೆದೆ."

ನಾಗಯ್ಯ ಬೆರಳ ಗಂಟು ಬಿಟ್ಟು ತಲೆ ಮುಟ್ಟಿಕೊಂಡ. ಜುಟ್ಟು ಎಳೆದವನು ಜಗತ್ತಿನಲ್ಲಿ ಒಬ್ಬನೇ. ಅವನ ಮುಖದ ಮೇಲೆ ಬೆಳಗಿನಿಂದ ಇಲ್ಲದ ಕಳೆ ಬಂತು. ಮೇಷ್ಟ್ರನ್ನು ಆಟೋದಲ್ಲಿ ಕೂರಿಸಿಕೊಂಡು ಸೀದಾ ಮಾಚೇನಹಳ್ಳಿಗೆ ಬಂದ.

ಆಫೀಸಿನ ಬಾಗಿಲಲ್ಲಿ ಮೇಷ್ಟ್ರನ್ನು ಕಂಡಕೂಡಲೇ ಶಿವಯೋಗಪ್ಪ ಅಭ್ಯಾಸಬಲದಿಂದ ಎದ್ದು ನಿಂತರು.

"ಏನೋ ಶಿವಯೋಗಿ, ಫೆಬ್ರವರಿ ಮೂವತ್ತೊಂದು, ಚೆನ್ನಾಗಿದ್ದೀಯಾ?" ಅಂದರು ಮೇಷ್ಟ್ರು.

ಶಿವಯೋಗಪ್ಪನವರ ಮುಖ ಹರಳೆಣ್ಣೆ ಕುಡಿದಂತಾಯಿತು. ಎಲ್ಲರ ತಾರೀಖನ್ನೂ ಕಂಪ್ಯೂಟರಿಗೆ ಕೊಟ್ಟ ಮಹಾನುಭಾವರು ತಮ್ಮದೊಂದನ್ನು ಮಾತ್ರ ಕೊಡದೆ ಬಚ್ಚಿಟ್ಟಿದ್ದರು. ತಾರೀಖೇ ಇಲ್ಲದಿದ್ದರೆ ನಿವೃತ್ತಿಯೂ ಇಲ್ಲ ಅನ್ನುವ ಲೆಕ್ಕಾಚಾರ. ಮಲ್ಲೇಶ್ ಬಾಯಿ ಮುಚ್ಚಿಕೊಂಡು ನಕ್ಕ, ಕಾಂತರಾಜ್ ಬಾಯಿ ಬಿಟ್ಟುಕೊಂಡೇ ನಕ್ಕ.

"ಇಬ್ರನ್ನೂ ಮಾರ್ಚಿಗೆ ದಾಟಿಸಿಬಿಡಪ್ಪ," ಅಂದರು ಮೇಷ್ಟ್ರು. ಶಿವಯೋಗಪ್ಪ ಕೆಮ್ಮಿ, ಹೂಂ ಅಂದರು. ನಾಗಯ್ಯನಿಗೆ ಮಾರ್ಚಿ ಎರಡು, ಶಿವಯೋಗಪ್ಪನವರಿಗೆ ಮಾರ್ಚಿ ಮೂರು. ಇಬ್ಬರ ನಿವೃತ್ತಿಯೂ ಮಾರ್ಚಿ ಕೊನೆಗೆ. ಕಂಪ್ಯೂಟರ್ ಎರಡನ್ನೂ ಮರುಮಾತಿಲ್ಲದೆ ನುಂಗಿತು.

ನಾಗಯ್ಯ ಮೇಷ್ಟ್ರ ಕಾಲಿಗೆ ಬಿದ್ದ. ಎದ್ದಾಗ ಕಣ್ಣು ಒದ್ದೆಯಾಗಿತ್ತು. ಮನಸ್ಸಿನಲ್ಲಿ ಆಗಲೇ ಹೊಸ ಕ್ಯಾಬಿನ್ನಿನ ಫ್ಯಾನಿನ ಗಾಳಿ ಬೀಸುತ್ತಿತ್ತು. ರೋಮಿನವರಿಂದ ಒಂದು ತಿಂಗಳು ಕಿತ್ತುಕೊಂಡು ಬಂದೆ ಅಂತ ಅವನಿಗೆ ಹೆಮ್ಮೆ.

ಅಷ್ಟರಲ್ಲಿ ಕಂಪ್ಯೂಟರ್ ಪೀಂ ಅಂದಿತು.

"ನಾಗಯ್ಯಣ್ಣ," ಅಂದ ಮಲ್ಲೇಶ್, "ಇಷ್ಟು ದಿನ ಇದು ನಿಮ್ಮನ್ನ ಒಪ್ಪಿರ್ಲಿಲ್ಲ. ಈಗ ಒಪ್ಪಿಕೊಂಡು ನಿಮ್ಮ ರಜೆ ಲೆಕ್ಕ ತೆಗೆದಿದೆ. ಇವತ್ತಿನ ಅರ್ಧ ದಿನ ಬಿಟ್ರೆ ಒಂದೂ ತಗೊಂಡಿಲ್ಲ ನೀವು."

ಸತ್ತಂತಿದ್ದ ಶಿವಯೋಗಪ್ಪನವರಿಗೆ ಜೀವ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

"ಹೊಸ ಮ್ಯಾನೇಜರ್ ರೂಲು, ಮರೆತೇಬಿಟ್ಟಿದ್ದೆ," ಅಂದರು ಜೇನು ಸುರಿಸುತ್ತಾ. "ಉಳಿದ ರಜೆಗೆ ದುಡ್ಡು ಕೊಡೋ ಹಾಗಿಲ್ಲ. ನಿವೃತ್ತಿಗೆ ಮುಂಚೆ ತಿಂಗಳು ಪೂರ್ತಿ ರಜೆ ತಗೊಳ್ಳೇಬೇಕು. ಮಾರ್ಚಿ ಒಂದರಿಂದ ನೀನು ಫೌಂಡ್ರಿ ಕಡೆ ತಲೆ ಹಾಕೋ ಹಾಗಿಲ್ಲ ಮಾರಾಯ. ಮನೇಲಿ ಆರಾಮಾಗಿರು."

"ಮತ್ತೆ ನೀವು?" ಅಂದ ನಾಗಯ್ಯ.

"ನನ್ನ ರಜೆಯೆಲ್ಲ ಯಾವತ್ತೋ ಮುಗಿದಿದೆ. ನಾನು ಇಲ್ಲೇ ಇರ್ತೀನಿ. ಹೊಸ ಕ್ರೇನಿಗೆ ಕಾಯಿ ಒಡೆಯೋಕೆ ಹಿರಿಯರು ಅಂತ ಒಬ್ರು ಬೇಕಲ್ಲ?"

ಕಾಂತರಾಜ್ ಗಂಟಲು ಸರಿಮಾಡಿಕೊಂಡ. "ರೋಮಿನಲ್ಲಿ ರಜೆಗಳು..."

"ನಿನ್ನ ರೋಮಿಗೆ ಬೆಂಕಿ ಬೀಳ," ಅಂದ ನಾಗಯ್ಯ. ರೋಮಿಗೆ ಬೆಂಕಿ ಕೂಡ ಹಿಂದೆ ಒಂದು ಸಲ ಬಿದ್ದಿದೆ ಅಂತ ಹೇಳಲು ಕಾಂತರಾಜನಿಗೆ ಧೈರ್ಯ ಬರಲಿಲ್ಲ.

ಸಂಜೆ ನಾಗಯ್ಯ ಭದ್ರಾವತಿಯ ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಒರಗಿದ. ಹೂವಮ್ಮ ಕಾಫಿ ಕೊಟ್ಟು, ಎಲ್ಲ ಕೇಳಿಸಿಕೊಂಡಳು.

"ಅಂದ್ರೆ ಮಾರ್ಚಿ ಪೂರ್ತಿ ಮನೇಲೇ ಇರ್ತೀರಿ ಅನ್ನಿ."

"ಹೂಂ."

ಅವಳು ಒಳಗೆ ಹೋಗಿ ಸ್ಟೂಲು ತಂದು ಅಟ್ಟದ ಕೆಳಗೆ ಇಟ್ಟಳು.

"ಮಾರ್ಚಿ ತನಕ ಯಾಕೆ ಕಾಯೋದು? ಹತ್ತಿ. ಹಂಡೆ ಹಿಂದಕ್ಕಿದೆ. ಹಾಂ, ಸ್ವಲ್ಪ ಎಡಕ್ಕೆ ಬನ್ನಿ. ಈಗ ಎತ್ತಿ. ನಿಧಾನ, ನಿಧಾನಕ್ಕೆ ಇಳಿಸಿ ರೀ, ಹಿಂಗೆ ನರಳಬೇಡಿ."