ಅಡಿಟಿಪ್ಪಣಿ ಓದದವಳ ಬಿಯರ್

ಮೂವತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವಳಿಗೆ ಒಂದು ಪೀಪಾಯಿ ಜೋಳದ ಬಿಯರ್ ಯಾವ ಲೆಕ್ಕ? ಹೀಗೆಂದು ನಾನು ಘೋಷಿಸಿದ್ದು ಗಂಡನ ಮನೆಯ ಸಮಸ್ತ ಬಂಧುಗಳ ಎದುರಿಗೆ! ಶನಿವಾರ ಮಾವನವರ ಹೆಸರಿನಲ್ಲಿ ಹಿರಿಯರ ಕಾರ್ಯ. ಸೊಸೆ ಮಾಡಿದ ಬಿಯರ್ ಇಲ್ಲದೆ ಅದು ಶುರುವಾಗುವುದಿಲ್ಲ. ಶಾಲೆಯ ನೆಪ ಹೇಳಿ ಅಷ್ಟೂ ವರ್ಷ ತಪ್ಪಿಸಿಕೊಂಡಿದ್ದೆ. ನಾನು ನಿವೃತ್ತಳಾದೆ, ಜೊತೆಗೆ ನೆಪವೂ ನಿವೃತ್ತವಾಯಿತು.

ಗಂಡನ ಅಕ್ಕ ನೊಬಾಂಟು ಕಲಿಸಲು ಮುಂದೆ ಬಂದರು.

"ಹಿಟ್ಟು ಎಷ್ಟು ಅಕ್ಕ?"

"ಸಾಕು ಅನ್ನಿಸೋವಷ್ಟು."

"ಎಷ್ಟು ಹೊತ್ತು ಇಡಬೇಕು?"

"ಪೀಪಾಯಿ ಬಾಯಿಗೆ ಬೆಂಕಿಕಡ್ಡಿ ಗೀರಿ ಹಿಡಿ. ಪಕ್ಕನೆ ಆರಿಹೋದ್ರೆ ಹದ ಬಂತು ಅಂತ."

ನಾನು ನಕ್ಕೆ. ವಿದ್ಯಾವಂತೆ ಇಂಥ ಮೂಢನಂಬಿಕೆಗೆ ತಲೆಬಾಗುವುದೇ? ನೆಟ್ಟಗೆ ಕೊಮಾನಿ ಪೇಟೆಯ ಪುಸ್ತಕದಂಗಡಿಗೆ ನಡೆದೆ.

ಮನೆಯಲ್ಲೇ ಬಿಯರ್ ಮಾಡುವ ಪುಸ್ತಕಗಳು ಮೂರಿದ್ದವು. ಮೊದಲನೆಯದರಲ್ಲಿ ಅಳತೆಗಳಿಗಿಂತ ಗಡ್ಡದ ಗಂಡಸರ ಚಿತ್ರಗಳೇ ಹೆಚ್ಚು. ಎರಡನೆಯದರಲ್ಲಿ ಕಾಗುಣಿತದ ತಪ್ಪುಗಳು. ಅಂಥವರನ್ನು ನಂಬಿ ನೀರು ಕಾಯಿಸುವುದೂ ಅಪಾಯ. ಮೂರನೆಯದು ನಾನೂರ ಹನ್ನೆರಡು ಪುಟ, ಕೋಷ್ಟಕಗಳು, ಪ್ರತಿ ಪುಟಕ್ಕೂ ಅಡಿಟಿಪ್ಪಣಿ! ಎದೆಗವಚಿಕೊಂಡು ತಂದೆ.

"ಬರೆದೋರು ಯಾವ ಊರಿನವರು?" ಎಂದು ಕೇಳಿದರು ನಮ್ಮ ಯಜಮಾನರು ವುಯಾನಿ.

"ಹಿಮ ಬೀಳೋ ದೇಶದವರು. ಶಿಸ್ತಿನ ಜನ."

ಬಾರ್ಲಿ ಎಂದಿದ್ದಲ್ಲೆಲ್ಲ ಜೋಳ ಎಂದು ಓದಿಕೊಂಡೆ. ಮುಚ್ಚಳ ಬಿಗಿ ಮಾಡಿ, ಕಂಬಳಿ ಹೊದಿಸಿ, ಮನೆಯ ಅತಿ ಬೆಚ್ಚನೆಯ ಮೂಲೆಯಲ್ಲಿಡಿ ಎಂದಿತ್ತು. ನಮ್ಮ ದಕ್ಷಿಣಾರ್ಧ ಗೋಳದಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆ; ತಗಡಿನ ಮಾಡಿನ ಕೆಳಗೆ ಹಲ್ಲಿಯೂ ಬೆವರುತ್ತದೆ. ಆದರೂ ಗ್ರಂಥದ ಆಜ್ಞೆ! ಹಜಾರದಲ್ಲಿ, ಮಾವನವರ ಫೋಟೋದ ಕೆಳಗೆ ಗಂಜಿ ತುಂಬಿದ ಪೀಪಾಯಿಯನ್ನು ಪ್ರತಿಷ್ಠಾಪಿಸಿದೆ.

"ಹಬೆಗೆ ದಾರಿ ಬೇಡ್ವೇನೇ, ಮಾರಾಡೆಬೆ?" ವುಯಾನಿ ನನ್ನ ತವರಿನ ಕುಲದ ಹೆಸರು ಹಿಡಿದು ಕೇಳಿದರು.

"ನಿಮಗೇನ್ರೀ ಗೊತ್ತು? ಪುಸ್ತಕ ಓದಿದೋಳು ನಾನು!"

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಢಂ! ಮುಚ್ಚಳ ಮಾಡಿಗೆ ಬಡಿಯಿತು. ಗೋಡೆ, ಪರದೆ, ನನ್ನ ಪದವಿ ಪ್ರಮಾಣಪತ್ರ ಎಲ್ಲಕ್ಕೂ ಕಂದು ಗಂಜಿಯ ಅಭಿಷೇಕ. ಮಾವನವರ ಮೀಸೆಯಿಂದ ಬಿಯರ್ ತೊಟ್ಟಿಕ್ಕುತ್ತಿತ್ತು.

ವುಯಾನಿ ಕೆನ್ನೆ ಒರೆಸಿಕೊಂಡು, "ಮೊದಲ ಪಾಲು ಹಿರಿಯರಿಗೆ ಅಂತಾರೆ. ಅಪ್ಪನಿಗೆ ಸಂದಾಯ್ತು. ನಾಳೆ ಬರೋ ಅರವತ್ತು ಜನಕ್ಕೆ?" ಎಂದರು.

ಪುಸ್ತಕ ತೆರೆದೆ. ಅದೇ ಪುಟದ ಅಡಿಟಿಪ್ಪಣಿಯಲ್ಲಿ, ಇರುವೆಯ ಗಾತ್ರದ ಅಕ್ಷರದಲ್ಲಿ: 'ಮುಚ್ಚಳಕ್ಕೆ ಕೊಳವೆ ಸಿಕ್ಕಿಸುವುದನ್ನು ಮರೆಯಬೇಡಿ.'

ಅಡಿಟಿಪ್ಪಣಿಗಳಿವೆಯೆಂದೇ ಕೊಂಡವಳು ನಾನು! ನಲವತ್ತು ವರ್ಷದ ಸೊಸೆತನ ನಾಳೆ ಬಂಧುಗಳ ಎದುರು ಹರಾಜಾಗುವುದು ಖಚಿತವಾಯಿತು.

ಆಗ ಅಂಗಳದಲ್ಲಿ ಕೈಗಾಡಿಯ ಸದ್ದು. ನೊಬಾಂಟು ಅಕ್ಕ ಬಿಯರ್ ತುಂಬಿದ ಪೀಪಾಯಿ ತಳ್ಳಿಕೊಂಡು ಬಂದಿದ್ದರು.

"ನೀನು ಪುಸ್ತಕ ಕೊಂಡೆ ಅಂತ ಕೇಳಿದ ದಿನವೇ ನಾನೂ ಒಂದು ಇಟ್ಟೆ. ಕೇಳಿದೋರಿಗೆ ನೀನೇ ಮಾಡಿದ್ದು ಅನ್ನು."

ಅವರು ಬೆಂಕಿಕಡ್ಡಿ ಗೀರಿ ಪೀಪಾಯಿ ಬಾಯಿಗೆ ಹಿಡಿದರು. ಪಕ್ಕನೆ ಆರಿತು.

"ಯಾಕೆ ಆರತ್ತೋ ನನಗಂತೂ ಇವತ್ತಿಗೂ ತಿಳೀದು. ನಿಂಗೇನಾದ್ರೂ ಗೊತ್ತಾ, ಟೀಚರಮ್ಮ?"

ನಾನು ನೆಲ ನೋಡಿದೆ. "ಹುಳಿ ಬರುವಾಗ ಇಂಗಾಲದ ಡೈಆಕ್ಸೈಡು ಏಳತ್ತೆ, ಅಕ್ಕ. ಬೆಂಕಿ ಆರಿಸತ್ತೆ. ಮುಚ್ಚಿಟ್ರೆ ಸಿಡಿಯತ್ತೆ. ಎಂಟನೇ ತರಗತಿ ಪಾಠ."

"ಅಯ್ಯೋ ನಿನ್ನ! ಇಷ್ಟೆಲ್ಲ ಗೊತ್ತಿದ್ದೂ ಪುಸ್ತಕ ಯಾಕೆ ಕೊಂಡೆ?"